ಪೆಟ್ಟಿಗೆ 125 ಅಂದಿತು, ಗಾಯ 84 ಅಂದಿತು: ವ್ಯಾಕ್ ಪಂಪು ಕಟ್ಟಿದ ಟಿಪ್ಪಣಿ

ಗಾಯದಿಂದ ರಸಿಕೆ ಎಳೆಯಲೆಂದು ಕಟ್ಟಿದ ನನ್ನ ಪಂಪಿನ ಪೆಟ್ಟಿಗೆಯ ಪರದೆ ಎಳೆತ 125 ಎಂದು ತೋರಿಸುತ್ತಿತ್ತು. ನಕಲಿ ಗಾಯದ ತಳಕ್ಕೆ ಸಿಕ್ಕಿಸಿದ್ದ ಮಾಪಕ 84 ತೋರಿಸುತ್ತಿತ್ತು. ಪಂಪು ಸದ್ದಿಲ್ಲದೆ ಕೂತಿತ್ತು, ಹಸಿರು ದೀಪ ಉರಿಯುತ್ತಿತ್ತು, ಅಲಾರಂ ಇಲ್ಲ. ಆರು ವಾರ ಕೂತು ಕಟ್ಟಿದ ಯಂತ್ರ ನನ್ನ ಕಣ್ಣೆದುರೇ ತಪ್ಪು ಲೆಕ್ಕ ಹೇಳುತ್ತಿತ್ತು. ಆ ಎರಡನೇ ಮಾಪಕ ಇಟ್ಟಿರದಿದ್ದರೆ ನನಗದು ಗೊತ್ತೇ ಆಗುತ್ತಿರಲಿಲ್ಲ. ಈ ಟಿಪ್ಪಣಿ ಬರೆಯುತ್ತಿರುವುದು ಆ 41ರ ಅಂತರಕ್ಕಾಗಿ.

ಮೊದಲೇ ಹೇಳಿಬಿಡುತ್ತೇನೆ. ಇದು ಮೇಜಿನ ಮೇಲಿನ ಪ್ರಯೋಗದ ಯಂತ್ರ. ಇದನ್ನು ಯಾವ ಮನುಷ್ಯನ ಮೈಗೂ ಹಚ್ಚಿಲ್ಲ, ಹಚ್ಚುವುದೂ ಇಲ್ಲ. ಮನೆಯಲ್ಲಿ ಪಂಪು ಜೋಡಿಸಿ ಯಾರದಾದರೂ ಗಾಯಕ್ಕೆ ಇಡೋಣ ಅಂತ ಯಾರಿಗಾದರೂ ಅನಿಸಿದರೆ ದಯವಿಟ್ಟು ಬೇಡ. ಯಾಕೆ ಬೇಡ ಅನ್ನುವುದು ಮುಂದೆ ಬರುತ್ತದೆ.

ವಾರ್ಡಿನಲ್ಲಿ ಎಲ್ಲರೂ ವ್ಯಾಕ್ (ವ್ಯಾಕ್ಯೂಮ್) ಡ್ರೆಸಿಂಗ್ ಅನ್ನುವ ಚಿಕಿತ್ಸೆ ನೋಡಲು ಸರಳ. ಸ್ವಚ್ಛ ಮಾಡಿದ ಗಾಯದೊಳಗೆ ಫೋಮ್ ತುಂಬುತ್ತಾರೆ, ಮೇಲೆ ಪಾರದರ್ಶಕ ಫಿಲ್ಮು ಅಂಟಿಸುತ್ತಾರೆ, ಅದಕ್ಕೊಂದು ಟ್ಯೂಬು ಕೂರಿಸಿ ಪಂಪಿನಿಂದ ಎಳೆಯುತ್ತಾರೆ. ಗಾಯದ ರಸಿಕೆ ಡಬ್ಬಿಗೆ ಬಂದು ಬೀಳುತ್ತದೆ, ಊತ ಇಳಿಯುತ್ತದೆ, ಗಾಯದ ಅಂಚುಗಳು ಒಳಕ್ಕೆ ಸೇರುತ್ತವೆ, ತಳದಲ್ಲಿ ಕೆಂಪಗೆ ಹೊಸ ಮಾಂಸ ಕಟ್ಟುತ್ತದೆ. 1989ರಲ್ಲೇ ಚಾರಿಕರ್, ಜೆಟರ್ ಮತ್ತು ಜೊತೆಗಾರರು ಗಾಜ್ ಬಟ್ಟೆ ಮತ್ತು ಸಕ್ಷನ್ ಬಳಸಿ ಇಂಥದ್ದನ್ನು ಮಾಡಿದ್ದರು. 1997ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ವೇಕ್ ಫಾರೆಸ್ಟ್‌ನ ಮೊರಿಕ್‌ವಾಸ್ ಮತ್ತು ಅರ್ಜೆಂಟಾ ಫೋಮ್ ಬಳಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಪಾದರಸದ ಲೆಕ್ಕದಲ್ಲಿ 125 ಮಿ.ಮೀ. ಎಳೆತ ಕೊಟ್ಟಾಗ ಹಂದಿಯ ಗಾಯದ ಸುತ್ತ ರಕ್ತದ ಹರಿವು ನಾಲ್ಕು ಪಟ್ಟು ಏರಿತು, 400 ದಾಟಿದಾಗ ಮೊದಲಿದ್ದುದಕ್ಕಿಂತಲೂ ಕೆಳಗಿಳಿಯಿತು. ಇವತ್ತಿಗೂ ಅನೇಕ ಯಂತ್ರಗಳು ಚಾಲೂ ಆಗುವುದೇ 125ರಲ್ಲಿ. ಈ ಟಿಪ್ಪಣಿಯಲ್ಲಿ ಎಳೆತಕ್ಕೆ ಬರೀ ಅಂಕಿ ಬರೆದಲ್ಲೆಲ್ಲ ಪಾದರಸದ ಮಿ.ಮೀ. ಎಂದೇ ಓದಿಕೊಳ್ಳಿ.

ನಾನು ಇದಕ್ಕೆ ಕೈ ಹಾಕಿದ್ದು ಒಬ್ಬ ಸಿಸ್ಟರ್ ಹೇಳಿದ ಒಂದು ಮಾತಿನಿಂದ. ವರ್ಷಗಟ್ಟಲೆ ಗಾಯದ ವಾರ್ಡಿನಲ್ಲಿ ದುಡಿದವರು. "ಪಂಪು ಎಳೆಯೋದ್ರಲ್ಲಿ ಏನೂ ತೊಂದರೆ ಇಲ್ಲ. ರಾತ್ರಿ ಎರಡು ಗಂಟೆಗೆ ಅದು ಕೂಗುತ್ತಲ್ಲ, ಯಾಕೆ ಕೂಗ್ತಿದೆ ಅಂತ ನಂಗೆ ಗೊತ್ತಾಗಬೇಕು. ಸೋರಿದ್ರೂ ಅದೇ ಕೂಗು, ತುಂಬಿದ್ರೂ ಅದೇ ಕೂಗು. ಕೊನೆಗೆ ಎಲ್ಲರೂ ಮಾಡೋದು ಒಂದೇ, ಬಾಯಿ ಮುಚ್ಚಿಸೋದು" ಅಂದರು. ಆ ರಾತ್ರಿಯೇ ಹಾಳೆ ತೆಗೆದು ಚಿತ್ರ ಬರೆಯಲು ಕೂತೆ.

ಮೊದಲು ಗಾಯ, ಆಮೇಲೆ ಯಂತ್ರ

ಪಂಪಿನಿಂದ ಶುರು ಮಾಡಬಾರದು ಅನ್ನುವುದೊಂದು ಮಾತ್ರ ಮೊದಲ ದಿನವೇ ಸರಿಯಾಗಿ ಹೊಳೆದಿತ್ತು. ಅಳೆಯಲು ಗಾಯವೇ ಇಲ್ಲದಿದ್ದರೆ ಪಂಪು ಚೆನ್ನಾಗಿದೆಯೋ ಇಲ್ಲವೋ ಹೇಳುವುದು ಹೇಗೆ? ಮೆತ್ತನೆಯ ಸಿಲಿಕೋನ್ ಎರಕ ಹೊಯ್ದು ಒಂದು ದಪ್ಪ ಹಾಸು ಮಾಡಿದೆ. ನಡುವೆ 8 ಸೆಂ.ಮೀ. ಉದ್ದ, 5 ಅಗಲ, 2 ಆಳದ ಗುಂಡಿ. ಒಂದು ಬದಿಗೆ ಚರ್ಮದಡಿ ಒಳಗೊಳಗೇ ಹೋಗುವ ಪೊಟರೆ, ಏಕೆಂದರೆ ನಿಜವಾದ ಗಾಯಗಳು ಬಟ್ಟಲಿನ ಹಾಗೆ ಇರುವುದಿಲ್ಲ. ಮೇಲ್ಮೈಯಲ್ಲಿ ಸೊಂಟದ ಮಡಿಕೆಯ ಹಾಗೆ ಎರಡು ಆಳದ ಗೀರು. ತಳದಲ್ಲಿ ನಾಲ್ಕು ಸಣ್ಣ ತೂತು: ಮೂರು ಗುಂಡಿಯ ಬೇರೆ ಬೇರೆ ಮೂಲೆಗೆ, ನಾಲ್ಕನೆಯದು ಪೊಟರೆಯ ತುದಿಗೆ. ಪ್ರತಿಯೊಂದರಿಂದಲೂ ಒಂದು ಸಣ್ಣ ನಳಿಗೆ ಮಾಪಕಕ್ಕೆ.

ರಸಿಕೆಯ ಬದಲಿಗೆ ಮೊದಲು ಬಣ್ಣದ ನೀರು ಬಿಟ್ಟೆ. ಅದು ತಪ್ಪು. ನೀರು ತುಂಬ ಸಲೀಸಾಗಿ ಹರಿಯುತ್ತದೆ, ನೊರೆ ಕಟ್ಟುವುದಿಲ್ಲ. ರಸಿಕೆಯಲ್ಲಿ ಪ್ರೋಟೀನ್ ಇರುತ್ತದೆ, ಗುಳ್ಳೆ ಏಳುತ್ತದೆ, ಗೋಡೆಗೆ ಅಂಟುತ್ತದೆ. ನೀರಿಗೆ ಚೂರು ಕ್ಸಾಂಥನ್ ಗೋಂದು, ಚೂರು ಜೆಲಟಿನ್ ಬೆರೆಸಿದ ಮೇಲೆ ಯಂತ್ರದ ನಿಜವಾದ ಕಷ್ಟಗಳು ಒಂದೊಂದೇ ಹೊರಬಂದವು.

ಫೋಮಿನಲ್ಲೂ ಮೊದಲ ಸಲ ಎಡವಿದೆ. ಸಾಮಾನು ಕಟ್ಟಿ ಬಂದಿದ್ದ ಸಾಧಾರಣ ಸ್ಪಾಂಜನ್ನೇ ಕತ್ತರಿಸಿ ತುಂಬಿದೆ. ಟ್ಯೂಬಿನ ಕೆಳಗಿನ ತೂತು 122, ಪೊಟರೆಯ ತುದಿ 60. ಕಾರಣ ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಾಧಾರಣ ಫೋಮಿನ ಒಂದೊಂದು ಗೂಡಿಗೂ ತೆಳ್ಳನೆಯ ಪೊರೆಯ ಬಾಗಿಲಿರುತ್ತದೆ, ಎಳೆತ ಅಲ್ಲಲ್ಲೇ ನಿಲ್ಲುತ್ತದೆ. ಗಾಯಕ್ಕೆ ಬಳಸುವುದು ರೆಟಿಕ್ಯುಲೇಟೆಡ್ ಪಾಲಿಯುರೆಥೇನ್. ಆ ಪೊರೆಗಳನ್ನೆಲ್ಲ ಸುಟ್ಟೋ ಕ್ಷಾರದಲ್ಲಿ ಕರಗಿಸಿಯೋ ತೆಗೆದುಬಿಟ್ಟಿರುತ್ತಾರೆ, ಉಳಿಯುವುದು ಬರೀ ಕಡ್ಡಿಗಳ ಚೌಕಟ್ಟು. ರಂಧ್ರ 400ರಿಂದ 600 ಮೈಕ್ರಾನ್. ಅದನ್ನು ತಂದು ತುಂಬಿದಾಗ ನಾಲ್ಕೂ ತೂತಿನಲ್ಲಿ 2ಕ್ಕಿಂತ ಹೆಚ್ಚು ಅಂತರ ಬರಲಿಲ್ಲ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ, ಕೈಗೂ ಹಾಗೆಯೇ ಹತ್ತುತ್ತವೆ. ಮಾಪಕ ಇಲ್ಲದೆ ವ್ಯತ್ಯಾಸ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಪಂಪು, ಡಬ್ಬಿ, ಸೆನ್ಸರು

ಇಲ್ಲಿ ಹೇಳುವುದು ಕಡಿಮೆ. 6 ವೋಲ್ಟಿನ ಸಣ್ಣ ಡಯಾಫ್ರಂ ಪಂಪು, ಅದನ್ನು ಓಡಿಸಲು ಸ್ವಿಚ್ಚಿನಂತೆ ಒಂದು ಮಾಸ್ಫೆಟ್, ಹಿಮ್ಮುಖ ಡಯೋಡು, ಲೆಕ್ಕ ನೋಡಿಕೊಳ್ಳಲು ಆರ್ಡುಯಿನೊ ಎಂಬ ಸಣ್ಣ ಕಂಪ್ಯೂಟರ್ ಬೋರ್ಡು, ಎರಡು ಲಿಥಿಯಂ ಸೆಲ್ಲು, 500 ಮಿ.ಲೀ.ನ ಪಾರದರ್ಶಕ ಡಬ್ಬಿ. ಪಂಪಿನ ಮೋಟಾರು ಗದ್ದಲ ಎಬ್ಬಿಸಿ ಸೆನ್ಸರಿನ ಅಂಕಿಯನ್ನು ಕುಣಿಸುತ್ತಿತ್ತು. ಮೋಟಾರಿನ ಎರಡು ಕಾಲಿಗೆ ಅಡ್ಡಲಾಗಿ ಕೆಪಾಸಿಟರ್ ಬೆಸುಗೆ ಹಾಕಿ, ಪಂಪು ನಿಂತ ಕ್ಷಣಗಳಲ್ಲೂ ಒಮ್ಮೆ ಅಳೆದು ಹೋಲಿಸಿದ ಮೇಲೆ ಸರಿಹೋಯಿತು.

ಎರಡನೇ ದಿನ ಡಬ್ಬಿ ವಾಲಿತು. ನೊರೆ ನೇರವಾಗಿ ಪಂಪಿನೊಳಕ್ಕೆ ಹೋಗಿ ಕವಾಟದ ರಬ್ಬರು ಅಂಟಿಕೊಂಡಿತು, ಪಂಪು ಹೋಯಿತು. ಅಂದಿನಿಂದ ಡಬ್ಬಿಯ ಬಾಯಿಗೆ 0.2 ಮೈಕ್ರಾನಿನ ನೀರು ಹಿಡಿಯದ ಪಿಟಿಎಫ್‌ಇ ಫಿಲ್ಟರ್. ಗಾಳಿಯನ್ನು ಬಿಡುತ್ತದೆ, ದ್ರವ ಮುಟ್ಟಿದರೆ ದಾರಿ ಮುಚ್ಚುತ್ತದೆ. ಡಬ್ಬಿಯೊಳಗೆ ಸೋಡಿಯಂ ಪಾಲಿಅಕ್ರಿಲೇಟ್ ಪುಡಿಯ ಪೊಟ್ಟಣವನ್ನೂ ಹಾಕಿದೆ, ಬಿದ್ದದ್ದೆಲ್ಲ ಜೆಲ್ಲಿಯಾಗಿ ಕೂರುತ್ತದೆ, ಅಲುಗಾಡುವುದಿಲ್ಲ. ಈ ಫಿಲ್ಟರ್ ಪಂಪನ್ನು ಕಾಯುವುದಕ್ಕಷ್ಟೇ ಅಲ್ಲ. ರೋಗಿಯ ಸೋಂಕು ಪಂಪಿನೊಳಗೆ ಮನೆ ಮಾಡಿ ಮುಂದಿನ ರೋಗಿಗೆ ಹೋಗಬಾರದಲ್ಲ, ಅದಕ್ಕೂ ಅದೇ ಗೋಡೆ.

ಸೆನ್ಸರ್ ಎಂಪಿಎಕ್ಸ್‌ವಿ4115ವಿ. 115 ಕಿಲೋಪಾಸ್ಕಲ್ ವರೆಗಿನ ನಿರ್ವಾತ ಅಳೆಯುತ್ತದೆ. 5 ವೋಲ್ಟ್ ಕೊಟ್ಟರೆ, ಎಳೆತ ಇಲ್ಲದಾಗ 4.6 ವೋಲ್ಟ್, ಆಮೇಲೆ ಕಿಲೋಪಾಸ್ಕಲ್‌ಗೆ ಸುಮಾರು 38 ಮಿಲಿವೋಲ್ಟ್ ಇಳಿಕೆ. ನಮ್ಮ 125 ಅಂದರೆ 16.7 ಕಿಲೋಪಾಸ್ಕಲ್. ಆರ್ಡುಯಿನೊದ 10 ಬಿಟ್ಟಿನಲ್ಲಿ ಒಂದು ಮೆಟ್ಟಿಲು ಹೆಚ್ಚುಕಡಿಮೆ ಪಾದರಸದ 1 ಮಿ.ಮೀ. ಆಗುತ್ತದೆ, ಸಾಕು. ಸಾಲದಿರುವುದು ನಿಖರತೆ. ಪೂರ್ಣ ಅಳತೆಯ 1.5 ಶೇಕಡಾ ತಪ್ಪು ಅಂದಾಗ ಕಿವಿಗೆ ಚಿಕ್ಕದಾಗಿ ಕೇಳುತ್ತದೆ. 115ರ 1.5 ಶೇಕಡಾ 1.7 ಕಿಲೋಪಾಸ್ಕಲ್, ಅಂದರೆ 13 ಮಿ.ಮೀ. 125ರ ಮುಂದೆ 13 ಚಿಕ್ಕದಲ್ಲ. ಹಾಗಾಗಿ ಯಂತ್ರ ಚಾಲೂ ಆದಾಗೆಲ್ಲ ಮೊದಲು ಕವಾಟ ತೆರೆದು ಹೊರಗಾಳಿಗೆ ಸೊನ್ನೆ ಹಿಡಿಯುತ್ತದೆ.

ಸೊನ್ನೆ ಸರಿ, 125 ಸರಿಯೇ ಎಂದು ನೋಡಲು ಗೋಡೆಗೆ 2 ಮೀಟರಿನ ಪಾರದರ್ಶಕ ನಳಿಗೆ ನಿಲ್ಲಿಸಿದೆ. ಕೆಳಗಿನ ತುದಿ ಬಣ್ಣದ ನೀರಿನ ಬಕೆಟ್ಟಿನಲ್ಲಿ, ಮೇಲಿನ ತುದಿ ಪಂಪಿಗೆ. ಪಂಪು ಎಳೆದ ಹಾಗೆ ನೀಲಿ ನೀರು ಗೋಡೆಯುದ್ದಕ್ಕೂ ಏರುತ್ತಾ ಹೋಗಿ 1.70 ಮೀಟರಿನಲ್ಲಿ ನಿಂತಿತು, ಸ್ವಲ್ಪ ಮೇಲೆ ಕೆಳಗೆ ಉಸಿರಾಡಿಕೊಂಡು. ಪಾದರಸ ನೀರಿಗಿಂತ 13.6 ಪಟ್ಟು ಭಾರ, 125ಕ್ಕೆ ಅಷ್ಟೇ ಎತ್ತರ ಬರಬೇಕು. ಪರದೆ 126 ಅಂದಿತು. ನಳಿಗೆ, ಬಕೆಟ್ಟು, ಅಳತೆಪಟ್ಟಿ, ಇಷ್ಟರಲ್ಲೇ ಸೆನ್ಸರಿನ ಪರೀಕ್ಷೆ ಮುಗಿಯಿತು. ಆ ನೀರಿನ ಕಂಬದ ಮುಂದೆ ಅರ್ಧ ಗಂಟೆ ನಿಂತಿದ್ದೆ. ಅದೇ ಕಂಬ ನನ್ನ ಟ್ಯೂಬಿನೊಳಗೂ ಇದೆ ಎಂದು ಆಗ ಹೊಳೆಯಲಿಲ್ಲ.

ಫಿಲ್ಮು ಅಂಟಿಸುವುದು ಕೈಕೆಲಸ

ಸೋರಿಕೆ ಅಳೆಯಲು ಪಂಪು ನಿಲ್ಲಿಸಿ ಒತ್ತಡ ಎಷ್ಟು ಬೇಗ ಇಳಿಯುತ್ತದೆ ನೋಡಿದರೆ ಸಾಕು. ಒಳಗಿನ ಗಾಳಿಯ ಜಾಗ 500 ಮಿ.ಲೀ. ಇದ್ದು, ಎಳೆತ 125ರಿಂದ 100ಕ್ಕೆ ಇಳಿದರೆ, 500ನ್ನು 25ರಿಂದ ಗುಣಿಸಿ 760ರಿಂದ ಭಾಗಿಸಿ: ಸುಮಾರು 16 ಮಿ.ಲೀ. ಗಾಳಿ ಒಳಗೆ ನುಸುಳಿದೆ. ನಾನು ಅಂಟಿಸಿದ ಮೊದಲ ಫಿಲ್ಮಿನಲ್ಲಿ ಅಷ್ಟು ಇಳಿಯಲು 20 ಸೆಕೆಂಡು ಹಿಡಿಯಿತು, ಅಂದರೆ ನಿಮಿಷಕ್ಕೆ 49 ಮಿ.ಲೀ. ಎಷ್ಟು ದೊಡ್ಡ ತೂತು ಇದ್ದರೆ ಅಷ್ಟು ಸೋರುತ್ತದೆ ಎಂದು ಲೆಕ್ಕ ಹಾಕಿದೆ. 0.1 ಮಿ.ಮೀ. ವ್ಯಾಸದ ಒಂದೇ ಒಂದು ತೂತು. ಕೂದಲೆಳೆಯಷ್ಟು ಅನ್ನುತ್ತೇವಲ್ಲ, ಅಕ್ಷರಶಃ ಅಷ್ಟೇ.

ಮರುವಾರ ಸಿಸ್ಟರ್ ಬಂದರು. ನಾನು ಫಿಲ್ಮನ್ನು ಬಿಗಿಯಾಗಿ ಎಳೆದು ಅಂಟಿಸುವುದನ್ನು ನೋಡಿ ಕೈ ಹಿಡಿದರು. "ಎಳೀಬೇಡಿ. ಎಳೆದು ಅಂಟಿಸಿದ್ದು ವಾಪಸ್ ಚಿಕ್ಕದಾಗೋಕೆ ನೋಡುತ್ತೆ, ಜೊತೇಲಿ ಚರ್ಮಾನೂ ಎಳ್ಕೊಳ್ಳುತ್ತೆ. ನಾಳೆ ನೋಡಿದ್ರೆ ಅಂಚಿಗೆಲ್ಲಾ ಬೊಬ್ಬೆ." ಫಿಲ್ಮನ್ನು ಸುಮ್ಮನೆ ಮಲಗಿಸಿ, ನಡುವಿನಿಂದ ಹೊರಕ್ಕೆ ಹೆಬ್ಬೆರಳಿನಿಂದ ಸವರಿದರು. ಮಡಿಕೆಯ ಗೀರಿಗೆ ಮೊದಲು ಹೈಡ್ರೊಕೊಲಾಯ್ಡ್ ಎಂಬ ಮೆತ್ತನೆಯ ಅಂಟುಪಟ್ಟಿ ತುಂಬಿ ಮಟ್ಟ ಮಾಡಿ, ಆಮೇಲೆ ಅದರ ಮೇಲೆ ಫಿಲ್ಮು. ಟ್ಯೂಬು ಫಿಲ್ಮಿನಡಿ ಹಾದು ಹೊರಬರುವ ಕಡೆ ಅದರ ಎರಡೂ ಪಕ್ಕ ಗುಡಾರದ ಹಾಗೆ ಜಾಗ ಉಳಿಯುತ್ತದೆ, ನನ್ನ 49ರಲ್ಲಿ ಬಹುಪಾಲು ಅಲ್ಲೇ ಇತ್ತು. ಅವರು ಟ್ಯೂಬಿನ ಕೆಳಗೆ ಫಿಲ್ಮನ್ನು ಎರಡು ಬೆರಳಲ್ಲಿ ಚಿವುಟಿ ಒಂದಕ್ಕೊಂದು ಅಂಟಿಸಿ, ಟ್ಯೂಬು ಚರ್ಮದಿಂದ ಚೂರು ಮೇಲೆ ನಿಲ್ಲುವ ಹಾಗೆ ಮಾಡಿದರು. ಈಗ 25 ಇಳಿಯಲು 4 ನಿಮಿಷ. ನಿಮಿಷಕ್ಕೆ 4 ಮಿ.ಲೀ. ಅದೇ ಫಿಲ್ಮು, ಅದೇ ಗಾಯ, ಕೈ ಮಾತ್ರ ಬೇರೆ.

ಎಲ್ಲರಿಗೂ ಅಂಥ ಕೈ ಇರುವುದಿಲ್ಲ, ಆದ್ದರಿಂದ ಆಮೇಲೆ ಟ್ಯೂಬನ್ನು ಫಿಲ್ಮಿನಡಿ ತೂರಿಸುವುದನ್ನೇ ಬಿಟ್ಟೆ. ಫಿಲ್ಮಿನ ನಡುವೆ 2 ಸೆಂ.ಮೀ. ತೂತು ಕತ್ತರಿಸಿ, ಮೇಲಿನಿಂದ ಸಿಲಿಕೋನ್ ಬಟ್ಟಲು ಅಂಟಿಸುವ ವಿನ್ಯಾಸಕ್ಕೆ ಬಂದೆ.

ಸೋರಿಕೆ ಬ್ಯಾಟರಿಯನ್ನೂ ತಿನ್ನುತ್ತದೆ. ಬಿಗಿಯಾದ ಡ್ರೆಸಿಂಗಿನಲ್ಲಿ ನನ್ನ ಎರಡು ಸೆಲ್ಲು ಎರಡು ದಿನ ಬಂದವು, ಪಂಪು ಬಿಡದೆ ಓಡುವಷ್ಟು ಸೋರಿದಾಗ 10 ಗಂಟೆ. ವಿದ್ಯುತ್ತೇ ಇಲ್ಲದ ಕಡೆಗೆಂದು ಎಂಐಟಿಯ ಡ್ಯಾನಿಯೆಲ್ ಜುರೋವ್ಸಿಕ್ ತಿದಿಯಂಥ ಕೈಪಂಪು ಮಾಡಿ, 2010ರ ಭೂಕಂಪದ ನಂತರ ಹೈಟಿಗೆ ಒಯ್ದಿದ್ದರು. ಒಮ್ಮೆ ಒತ್ತಿಬಿಟ್ಟರೆ ಅದು ತಾನಾಗಿ ಅರಳುತ್ತಾ ಎಳೆಯುತ್ತದೆ. ಮೋಟಾರು ಇಲ್ಲದ ಅಂಥ ಪಂಪಿಗೆ ಸೋರಿಕೆಯನ್ನು ಓಡಿ ಓಡಿ ತುಂಬಿಕೊಡಲು ಆಗುವುದಿಲ್ಲ, ಫಿಲ್ಮಿನ ಅಂಚೇ ಅದರ ಜೀವ. ನನ್ನ ಪಂಪಿಗೆ ಮೋಟಾರು ಇದೆ ಎಂಬ ಧೈರ್ಯದಲ್ಲಿ ಸೋರಿಕೆಯನ್ನು ಎಷ್ಟು ಹಗುರವಾಗಿ ತೆಗೆದುಕೊಂಡಿದ್ದೆ ಎಂದು ಅವರ ಕೆಲಸದ ಬಗ್ಗೆ ಓದಿದಾಗ ತಿಳಿಯಿತು.

41 ಎಲ್ಲಿ ಹೋಯಿತು

ಈಗ ಆ ದಿನಕ್ಕೆ ಬರುತ್ತೇನೆ. ಅಲ್ಲಿಯವರೆಗೆ ಪೆಟ್ಟಿಗೆ ಮತ್ತು ನಕಲಿ ಗಾಯ ಒಂದೇ ಮೇಜಿನ ಮೇಲಿದ್ದವು. ಜಾಗ ಸಾಲದೆ ಪೆಟ್ಟಿಗೆಯನ್ನು ಮೇಲಿನ ಕಪಾಟಿಗೆ ಎತ್ತಿಟ್ಟೆ. ಟ್ಯೂಬು ರಸಿಕೆಯಿಂದ ತುಂಬಿತ್ತು. ಪರದೆ 125, ಗಾಯ 84.

ಟ್ಯೂಬು ಎಲ್ಲಾದರೂ ಕಟ್ಟಿತೇ? ತೊಳೆದೆ. ಫಿಲ್ಟರ್ ಬದಲಿಸಿದೆ. ಸೆನ್ಸರನ್ನು ಮತ್ತೆ ಗೋಡೆಯ ನಳಿಗೆಗೆ ಹಚ್ಚಿದೆ, ಸರಿಯಾಗಿಯೇ ಇತ್ತು. ಬೇಸತ್ತು ಪೆಟ್ಟಿಗೆಯನ್ನು ನೆಲಕ್ಕಿಳಿಸಿ ಕೂತಾಗ ಗಾಯದ ಮಾಪಕ ತನ್ನಷ್ಟಕ್ಕೆ ಏರತೊಡಗಿತು: 100, 130, ಕೊನೆಗೆ 165. ಆಗ ಗೋಡೆಯ ಮೇಲಿನ ನೀಲಿ ಕಂಬದ ಕಡೆ ತಿರುಗಿ ನೋಡಿದೆ.

ಟ್ಯೂಬಿನಲ್ಲಿ ನಿಂತ ದ್ರವವೂ ಒಂದು ನೀರಿನ ಕಂಬವೇ. ಪ್ರತಿ 10 ಸೆಂ.ಮೀ. ಎತ್ತರಕ್ಕೆ ಪಾದರಸದ 7 ಮಿ.ಮೀ.ಗಿಂತ ಚೂರು ಹೆಚ್ಚು. ಪೆಟ್ಟಿಗೆ ಗಾಯಕ್ಕಿಂತ 60 ಸೆಂ.ಮೀ. ಮೇಲಿದ್ದರೆ, ಪಂಪಿನ 125ರಲ್ಲಿ 44 ಆ ಕಂಬವನ್ನು ಎತ್ತಿ ಹಿಡಿಯುವುದಕ್ಕೇ ಹೋಗುತ್ತದೆ. ಕೆಳಗಿದ್ದರೆ ಅದೇ 44 ಎಳೆತಕ್ಕೆ ಸೇರಿಕೊಳ್ಳುತ್ತದೆ. ನಡುನಡುವೆ ಗಾಳಿಯ ಗುಳ್ಳೆ ಇದ್ದದ್ದರಿಂದ ನನಗೆ 41 ಮತ್ತು 40 ಬಂತು. ಮಲಗಿದ್ದವರು ಎದ್ದು ಕೂತರೆ, ಪೆಟ್ಟಿಗೆಯನ್ನು ಮಂಚದ ಸರಳಿಗೆ ನೇತುಹಾಕಿದರೆ, ಹೆಗಲಿಗೆ ಹಾಕಿಕೊಂಡು ಶೌಚಕ್ಕೆ ಹೋದರೆ, ಗಾಯದೊಳಗಿನ ಎಳೆತ ಅಷ್ಟಷ್ಟು ಬದಲಾಗುತ್ತದೆ. ಪರದೆ ಮಾತ್ರ 125 ಅನ್ನುತ್ತಲೇ ಇರುತ್ತದೆ. ಪಂಪಿನ ಬಾಯಲ್ಲಿ ಅಳೆದು ಗಾಯದ ಒತ್ತಡ ಎಂದು ಬರೆದಿದ್ದೆ ನಾನು.

ಇದಕ್ಕೆ ಉಪಾಯ ಎರಡನೇ ನಳಿಗೆ. ಬಟ್ಟಲಿನಿಂದ ಪೆಟ್ಟಿಗೆಯವರೆಗೆ ದೊಡ್ಡ ಟ್ಯೂಬಿನ ಪಕ್ಕದಲ್ಲೇ 2 ಮಿ.ಮೀ. ಒಳವ್ಯಾಸದ ಅಳತೆಯ ನಳಿಗೆ, ಅದರ ತುದಿಯಲ್ಲಿ ಸೆನ್ಸರ್. ಆದರೆ ಅದಕ್ಕೂ ರಸಿಕೆ ನುಗ್ಗಿದರೆ? ಮತ್ತೆ ಅದೇ ಕಂಬ. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಬಂದ ಉತ್ತರ: ಅಳತೆಯ ನಳಿಗೆಯ ಪೆಟ್ಟಿಗೆ ತುದಿಯಲ್ಲಿ ಬೇಕೆಂದೇ ಒಂದು ಅತಿ ಸಣ್ಣ ಸೋರಿಕೆ ಇಡುವುದು. 30 ಗೇಜಿನ ಎರಡು ಸೂಜಿಗಳನ್ನು ಒಂದರ ಹಿಂದೊಂದು ಜೋಡಿಸಿ, ಮುಂದೆ 0.2 ಮೈಕ್ರಾನಿನ ಫಿಲ್ಟರ್ ಹಚ್ಚಿದೆ. ಒಂದು ಸೂಜಿಯಿದ್ದಾಗ ನಿಮಿಷಕ್ಕೆ 50 ಮಿ.ಲೀ. ಬರುತ್ತಿತ್ತು, ಎರಡಾದಾಗ 30. ಈ ಗಾಳಿ ಅಳತೆಯ ನಳಿಗೆಯಲ್ಲಿ ಪೆಟ್ಟಿಗೆಯಿಂದ ಗಾಯಕ್ಕೆ ನಿಧಾನವಾಗಿ ಇಳಿಯುತ್ತದೆ, ಬಟ್ಟಲಿನಲ್ಲಿ ತಿರುಗಿ, ದೊಡ್ಡ ಟ್ಯೂಬಿನಲ್ಲಿ ರಸಿಕೆಯನ್ನು ತುಂಡುತುಂಡಾಗಿ ತಳ್ಳಿಕೊಂಡು ಮೇಲೇರುತ್ತದೆ. ಅಳತೆಯ ನಳಿಗೆ ಸದಾ ಒಣ. ಆ ಹರಿವಿನಿಂದ ಅಳತೆಯಲ್ಲಿ ಬರುವ ತಪ್ಪು ಪಾದರಸದ 0.3 ಮಿ.ಮೀ. ಕೂಡ ಇಲ್ಲ.

ಮೊದಲ ಸಲ ಚಾಲೂ ಮಾಡಿದಾಗ ದೊಡ್ಡ ಟ್ಯೂಬಿನಲ್ಲಿ ನಿಂತಿದ್ದ ಕೆಂಪು ದ್ರವ ಬೆರಳುದ್ದದ ತುಂಡುಗಳಾಗಿ, ನಡುವೆ ಒಂದೊಂದು ಗುಳ್ಳೆಯ ಜೊತೆ, ಸಾಲಾಗಿ ಹೊರಟು ಡಬ್ಬಿಗೆ ತೊಟ್ಟಿಕ್ಕಿತು. ಪೆಟ್ಟಿಗೆಯನ್ನು ಕಪಾಟಿಗೆ ಎತ್ತಿದೆ, ನೆಲಕ್ಕಿಳಿಸಿದೆ. ಗಾಯದ ಮಾಪಕ 123, 126. ಅಷ್ಟು ಸಂತೋಷ ಈ ಕೆಲಸದಲ್ಲಿ ಮತ್ತೆಲ್ಲೂ ಸಿಕ್ಕಿಲ್ಲ.

ಅದೇ ಸಣ್ಣ ಸೋರಿಕೆ ಇನ್ನೊಂದು ಉಪಕಾರ ಮಾಡಿತು. ಮೊದಲಿನ ಯಂತ್ರದಲ್ಲಿ ಟ್ಯೂಬು ಮಡಚಿದರೆ ಪಂಪಿನ ಕಡೆ 125 ಹಾಗೇ ನಿಲ್ಲುತ್ತಿತ್ತು, ಪಂಪು ತಣ್ಣಗೆ ಕೂರುತ್ತಿತ್ತು. ಎಲ್ಲಕ್ಕಿಂತ ಕೆಟ್ಟ ಸ್ಥಿತಿಯೇ ಎಲ್ಲಕ್ಕಿಂತ ಶಾಂತವಾಗಿ ಕಾಣುತ್ತಿತ್ತು, ಗಾಯದಲ್ಲಿ ರಸಿಕೆ ಕೆರೆಯಾಗಿ ನಿಲ್ಲುತ್ತಿತ್ತು. ಈಗ ಟ್ಯೂಬು ಮುಚ್ಚಿದರೆ ಒಳಬರುವ ಗಾಳಿಗೆ ಹೋಗಲು ದಾರಿಯಿಲ್ಲ, ಗಾಯದ ಎಳೆತ ಬೀಳುತ್ತದೆ. ಹದಿನೈದು ಸೆಕೆಂಡಿನೊಳಗೆ ಪೆಟ್ಟಿಗೆಗೆ ಗೊತ್ತಾಗುತ್ತದೆ.

ಹೊಸ ಅಪಾಯವನ್ನೂ ಅದು ಜೊತೆಗೇ ತಂದಿತು. ಒಂದು ಮಧ್ಯಾಹ್ನ ಪೆಟ್ಟಿಗೆಯನ್ನು ಸರಿಸುವಾಗ ಅದರ ಮೂಲೆಯಡಿ ಅಳತೆಯ ನಳಿಗೆ ಸಿಕ್ಕಿ ಚಪ್ಪಟೆಯಾಯಿತು. ಸೆನ್ಸರಿಗೆ ಕಂಡದ್ದು ಸೂಜಿಯಿಂದ ಬಂದ ಹೊರಗಾಳಿ ಮಾತ್ರ. ಗಾಯದಲ್ಲಿ ಎಳೆತವೇ ಇಲ್ಲ ಎಂದುಕೊಂಡು ಯಂತ್ರ ಪಂಪನ್ನು ಪೂರ್ತಿ ಜೋರಿಗೆ ಓಡಿಸಿತು. ನಾನು ತಿರುಗಿ ನೋಡುವಷ್ಟರಲ್ಲಿ ಗಾಯದ ಮಾಪಕ 230. ನೋಡಿ ಕೈ ನಡುಗಿತು. ಅದು ಸಿಲಿಕೋನ್, ಏನೂ ಆಗಲಿಲ್ಲ. ಅಂದೇ ಡಬ್ಬಿಯ ಕಡೆಗೆ ಎರಡನೇ ಸೆನ್ಸರ್ ಹಾಕಿದೆ. ಎರಡೂ ಒಂದನ್ನೊಂದು ಒಪ್ಪದಿದ್ದರೆ ಪಂಪು ನಿಂತು ಅಲಾರಂ. ಸಾಫ್ಟ್‌ವೇರ್ ಕೆಟ್ಟರೂ ಕಾಯಲು ಸ್ಪ್ರಿಂಗಿನ ಒಂದು ಪರಿಹಾರ ಕವಾಟ, 180ಕ್ಕೆ ತಾನೇ ತೆರೆದುಕೊಳ್ಳುತ್ತದೆ. ಇಂಥ ಒಂದೊಂದು "ಹೀಗಾದರೆ?"ಯನ್ನೂ ಬರೆದಿಟ್ಟು, ಅದಕ್ಕೆ ಉತ್ತರ ಏನು, ಉತ್ತರ ಕೆಲಸ ಮಾಡಿತೇ ಎಂದು ದಾಖಲಿಸುವುದೇ ಐಎಸ್‌ಒ 14971 ಎಂಬ, ವೈದ್ಯಕೀಯ ಸಾಧನಗಳ ಅಪಾಯ ನಿಭಾಯಿಸುವ ಮಾನದಂಡದ ತಿರುಳು. ಹಿಂದೆ ಅದು ಕಾಗದದ ಕೆಲಸ ಅನಿಸುತ್ತಿತ್ತು. ಈಗ ನನ್ನ ಪಟ್ಟಿಯಲ್ಲಿ 63 ಸಾಲುಗಳಿವೆ, ಅದರಲ್ಲಿ ಅರ್ಧದಷ್ಟು ನಿಜವಾಗಿ ಮೇಜಿನ ಮೇಲೆ ನಡೆದದ್ದು.

ಪಂಪಿನ ಉಸಿರು

ಸೋರಿಕೆಯ ಅಲಾರಂಗೆ ಒಂದು ಸರಳ ನಿಯಮ ಬರೆದಿದ್ದೆ: ಪಂಪು ನಿಂತಾಗ ಡಬ್ಬಿಯ ಎಳೆತ ಸೆಕೆಂಡಿಗೆ 2.5ಕ್ಕಿಂತ ಬೇಗ ಇಳಿದರೆ ಕೂಗು. ಖಾಲಿ ಡಬ್ಬಿಯಲ್ಲಿ ಚೆನ್ನಾಗಿ ನಡೆಯಿತು. ರಾತ್ರಿಯಿಡೀ ರಸಿಕೆ ತೊಟ್ಟಿಕ್ಕಲು ಬಿಟ್ಟು ಪಕ್ಕದಲ್ಲೇ ಮಲಗಿದೆ. ನಡುರಾತ್ರಿ ಕಳೆದ ಮೇಲೆ ಕೂಗು ಶುರು. ಫಿಲ್ಮಿನ ಅಂಚೆಲ್ಲ ತಡವಿದೆ, ಎಲ್ಲೂ ಸೋರಿಕೆ ಇಲ್ಲ. ಬಾಯಿ ಮುಚ್ಚಿಸಿದೆ. ಮತ್ತೆ ಕೂಗಿತು. ಸಿಸ್ಟರ್ ಹೇಳಿದ ರಾತ್ರಿ ಎರಡು ಗಂಟೆ ಹೇಗಿರುತ್ತದೆ ಎಂದು ಆಗ ಗೊತ್ತಾಯಿತು.

ದೀಪ ಆರಿಸಿ ಕತ್ತಲಲ್ಲಿ ಕೇಳುತ್ತಾ ಮಲಗಿದ್ದಾಗ ಕಾರಣ ಕಿವಿಗೇ ಬಿತ್ತು. ಸಂಜೆ ಪಂಪು ನಾಲ್ಕು ಸೆಕೆಂಡು ಗುಂಯ್ ಎಂದು ಓಡಿ, ಹದಿಮೂರು ಸೆಕೆಂಡು ಸುಮ್ಮನಿರುತ್ತಿತ್ತು. ಈಗ ಒಂದೇ ಸೆಕೆಂಡು ಓಟ, ನಾಲ್ಕು ಸೆಕೆಂಡು ಮೌನ. ಉಸಿರು ಚಿಕ್ಕದಾಗಿತ್ತು. ಸೋರಿಕೆ ಹೆಚ್ಚಿದ್ದರೆ ಮೌನ ಕಡಿಮೆಯಾಗಿ ಓಟ ಹೆಚ್ಚಬೇಕಿತ್ತು. ಇಲ್ಲಿ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದವು. ಡಬ್ಬಿ ತುಂಬುತ್ತಿತ್ತು, ಗಾಳಿಯ ಜಾಗ 500ರಿಂದ 150ಕ್ಕೆ ಇಳಿದಿತ್ತು. ಅದೇ ಸೂಜಿಯ ಅದೇ 30 ಮಿ.ಲೀ. ಈಗ ಚಿಕ್ಕ ಜಾಗಕ್ಕೆ ಬಂದು ಬೇಗ ಒತ್ತಡ ಇಳಿಸುತ್ತಿತ್ತು.

ಎದ್ದು ಬರೆದುಕೊಂಡೆ. ಪಂಪು ನಿಂತಾಗಿನ ಇಳಿತದ ವೇಗ ಸೋರಿಕೆಯನ್ನು ಜಾಗದಿಂದ ಭಾಗಿಸಿದಷ್ಟು. ಓಡುವಾಗಿನ ಏರಿಕೆಯ ವೇಗ, ಪಂಪಿನ ಹರಿವಿನಿಂದ ಸೋರಿಕೆ ಕಳೆದು ಜಾಗದಿಂದ ಭಾಗಿಸಿದಷ್ಟು. ಎರಡನ್ನೂ ಕೂಡಿಸಿದರೆ ಸೋರಿಕೆ ಹೊಡೆದುಹೋಗುತ್ತದೆ, ಉಳಿಯುವುದು ಪಂಪಿನ ಹರಿವು ಭಾಗ ಜಾಗ. ಪಂಪಿನ ಹರಿವನ್ನು ಖಾಲಿ ಡಬ್ಬಿ ಹಾಕಿದಾಗಲೇ ಅಳೆದಿಟ್ಟುಕೊಂಡರೆ, ಪ್ರತಿ ಉಸಿರಿಗೂ ಡಬ್ಬಿಯಲ್ಲಿ ಎಷ್ಟು ದ್ರವ ಇದೆ ಎಂದು ಲೆಕ್ಕ ಸಿಗುತ್ತದೆ. ಹೊಸ ಸೆನ್ಸರೇ ಬೇಡ. ಮೇಜಿನ ಮೇಲೆ ಪರೀಕ್ಷಿಸಿದಾಗ ಹೆಚ್ಚುಕಡಿಮೆ 40 ಮಿ.ಲೀ. ತಪ್ಪಿನೊಳಗೆ ಸರಿಯಾಗಿ ಹೇಳುತ್ತಿದೆ.

ಇದು ಬರೀ ಡಬ್ಬಿ ಬದಲಿಸುವ ಅನುಕೂಲಕ್ಕಲ್ಲ. ಈ ಚಿಕಿತ್ಸೆಯಲ್ಲಿ ಜೀವ ತೆಗೆಯುವುದು ರಕ್ತಸ್ರಾವ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ 6 ಸಾವು ಮತ್ತು 77 ಗಾಯಗಳ ವರದಿ ಇತ್ತು, 2011ರಲ್ಲಿ ಮತ್ತೆ ಎಚ್ಚರಿಸಿತು. ರಕ್ತನಾಳ ತೆರೆದುಕೊಂಡಿರುವ ಗಾಯ, ಕ್ಯಾನ್ಸರ್ ಇರುವ ಗಾಯ, ಸತ್ತ ಮಾಂಸ ತೆಗೆಯದ ಗಾಯ, ಚಿಕಿತ್ಸೆಯಾಗದ ಮೂಳೆ ಸೋಂಕು, ಇವುಗಳ ಮೇಲೆ ಇದನ್ನು ಇಡುವಂತಿಲ್ಲ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಲ್ಲಿ ಕಣ್ಣಿಟ್ಟು ಕಾಯಬೇಕು. ಮನೆಯಲ್ಲಿ ಕಟ್ಟಿದ ಪಂಪನ್ನು ಯಾರ ಮೈಗೂ ಇಡಬೇಡಿ ಎಂದು ಮೊದಲೇ ಕೇಳಿಕೊಂಡದ್ದು ಇದಕ್ಕೇ. ಪಂಪಿಗೆ ರಸಿಕೆ ಯಾವುದು ರಕ್ತ ಯಾವುದು ಗೊತ್ತಿಲ್ಲ. ಒಡೆದ ನಾಳದಿಂದಲೂ ಅದು ನಿಷ್ಠೆಯಿಂದ ಎಳೆಯುತ್ತದೆ. ಪಂಪಿನ ಉಸಿರಿನಿಂದ ತುಂಬುವ ವೇಗ ತಿಳಿದರೆ ಅಷ್ಟಾದರೂ ಅರಿವು ಯಂತ್ರಕ್ಕೆ ಬರುತ್ತದೆ. ಈಗ ನಿಮಿಷಕ್ಕೆ 20 ಮಿ.ಲೀ.ನಂತೆ ಕೆಂಪು ದ್ರವ ಬಿಟ್ಟರೆ ಮೂರು ನಿಮಿಷದೊಳಗೆ ಪಂಪು ನಿಂತು ಅತಿ ಜೋರಾಗಿ ಕೂಗುತ್ತದೆ. ಮೂರು ನಿಮಿಷ ನನಗಿನ್ನೂ ಹೆಚ್ಚೇ ಅನಿಸುತ್ತದೆ.

ಅದೇ ಎಚ್ಚರಿಕೆಯಲ್ಲಿ ಗಾಯದಲ್ಲೇ ಉಳಿದುಹೋದ ಫೋಮ್ ತುಣುಕಿನಿಂದ ಸೋಂಕಾದ ಪ್ರಸಂಗಗಳೂ ಇವೆ. ಅದಕ್ಕೆ ಬಟ್ಟಲಿನ ಅಂಟುಪಟ್ಟಿಯ ಮೇಲೆ ಎರಡು ಖಾಲಿ ಚೌಕ ಮುದ್ರಿಸಿದೆ: ಎಷ್ಟು ತುಂಡು ಇಟ್ಟಿದೆ, ಯಾವ ದಿನ. ಡ್ರೆಸಿಂಗ್ ಬದಲಿಸುವುದು 48ರಿಂದ 72 ಗಂಟೆಗೊಮ್ಮೆ, ಇಟ್ಟವರೇ ತೆಗೆಯುತ್ತಾರೆ ಎಂದೇನಿಲ್ಲ. ಇಡೀ ಯಂತ್ರದಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ ಅದು, ಸಿಸ್ಟರಿಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ.

ಅಲಾರಂಗಳಿಗೆ ಬಗೆಬಗೆಯ ರಾಗ ಕೊಡುವ ಆಸೆಯಿತ್ತು. ವೈದ್ಯಕೀಯ ಯಂತ್ರಗಳ ಅಲಾರಂ ಹೇಗಿರಬೇಕು ಎನ್ನುವ ಮಾನದಂಡ ಐಇಸಿ 60601-1-8 ಓದಿದ ಮೇಲೆ ಬಿಟ್ಟೆ. ತುರ್ತಾದುದಕ್ಕೆ 10 ಬಡಿತ, ಮಧ್ಯಮಕ್ಕೆ 3 ಎಂದು ಅದರಲ್ಲಿ ಕ್ರಮ ಇದೆ, ವಾರ್ಡಿನ ಕಿವಿ ಅದಕ್ಕೆ ಒಗ್ಗಿರುತ್ತದೆ. ಬೇಗ ತುಂಬುವುದು ಮತ್ತು ಟ್ಯೂಬು ಮುಚ್ಚುವುದು ತುರ್ತಿನವು, ಸೋರಿಕೆ ಮತ್ತು ಡಬ್ಬಿ ತುಂಬಿದ್ದು ಮಧ್ಯಮ. ಉಳಿದದ್ದನ್ನು ಪರದೆ ದೊಡ್ಡ ಅಕ್ಷರದಲ್ಲಿ ಹೇಳುತ್ತದೆ: "ಟ್ಯೂಬು ಮಡಚಿದೆ", "ಫಿಲ್ಮಿನ ಅಂಚು ನೋಡಿ".

ಕಳೆದ ವಾರ 72 ಗಂಟೆ ಬಿಡದೆ ಓಡಿಸಿದೆ. 50ನೇ ಗಂಟೆಯಲ್ಲಿ ಸೋರಿಕೆಯ ಅಲಾರಂ ಬಂತು. ಈ ಸಲ ನಿಜಕ್ಕೂ ಸೋರುತ್ತಿತ್ತು, ಒದ್ದೆಯಾದ ಮಡಿಕೆಯ ಕಡೆ ಫಿಲ್ಮಿನ ಒಂದು ಮೂಲೆ ಎದ್ದಿತ್ತು. ಗಾಯದ ಮಾಪಕ ಮೂರು ದಿನವೂ 118 ಮತ್ತು 131ರ ನಡುವೆಯೇ ಇತ್ತು.

ಮೊನ್ನೆ ಸಿಸ್ಟರ್ ಬಂದು ಪೆಟ್ಟಿಗೆಗೆ ಬೆನ್ನು ಮಾಡಿ ಕೂತರು. ನಾನು ಒಂದೊಂದೇ ತೊಂದರೆ ಮಾಡಿದೆ, ಅವರು ತಿರುಗಿ ಪರದೆ ಓದಿ ನೇರವಾಗಿ ಆ ಜಾಗಕ್ಕೇ ಕೈ ಹಾಕಿದರು. ನಾಲ್ಕಕ್ಕೆ ನಾಲ್ಕು ಸಲವೂ. ಆಮೇಲೆ ಬಟ್ಟಲಿನ ಮೇಲೆ ಅಂಗೈ ಇಟ್ಟು ಮೈಭಾರ ಬಿಟ್ಟು ಒತ್ತಿ ನೋಡಿದರು. "ಬೆನ್ನ ಹಿಂದೆ ಗಾಯ ಇರೋರು ಇದರ ಮೇಲೇ ಮಲಗ್ತಾರೆ. ಈ ಗಟ್ಟಿ ಅಂಚು ರಾತ್ರಿಯೆಲ್ಲ ಒತ್ತಿದ್ರೆ ಅಲ್ಲೊಂದು ಹೊಸ ಗಾಯ ಆಗುತ್ತಲ್ಲ?" ಅಂದರು. ಕೈ ತೆಗೆದಾಗ ಅವರ ಅಂಗೈಯಲ್ಲಿ ಬಟ್ಟಲಿನ ಅಂಚಿನ ಕೆಂಪು ಗೆರೆ ಗುಂಡಗೆ ಮೂಡಿತ್ತು.

ಇನ್ನೂ ಮೆತ್ತನೆಯ ಸಿಲಿಕೋನಿನಲ್ಲಿ, ಅಂಚು ಕಾಗದದಷ್ಟು ತೆಳುವಾಗುವ ಹಾಗೆ ಹೊಸ ಬಟ್ಟಲಿನ ಅಚ್ಚು ಮಾಡಿ ಎರಕ ಹೊಯ್ದಿದ್ದೇನೆ, ಮೇಜಿನ ಮೇಲೆ ಗಟ್ಟಿಯಾಗುತ್ತಿದೆ. ನಾಳೆ ಬೆಳಿಗ್ಗೆ ಬಿಚ್ಚಿ, ಅದರ ಮೇಲೆ 5 ಕೆ.ಜಿ. ಭಾರ ಇಟ್ಟು, ಒಳಗಿನ ಎರಡು ದಾರಿಗಳಲ್ಲಿ ಯಾವುದು ಮೊದಲು ಮುಚ್ಚುತ್ತದೆ ಎಂದು ನೋಡಬೇಕು.